ಗುರಿ ಮುಟ್ಟಿದ ಕಾರ್ಖಾನೆಯ ವಾಸಿಲೆ
ಗೋಥೆನ್‌ಬರ್ಗಿನ ಒಂದು ವಸತಿ ಕಟ್ಟಡದ ಕೆಳಗಿನ ಮನೆಯ ವಾಸಿಲೆ ಮುದುಕನಿಗೆ ‘ಕೆಲಸ ಮುಗಿದಿದೆ’ ಎಂಬ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಲಿಫ್ಟ್ ರಿಪೇರಿಯಾಯಿತೆಂದು ಚೀಟಿ ಅಂಟಿಸಿದರೆ, ತಾನು ಮೇಲೆ ಕೆಳಗೆ ಹೋಗಿಬರುವವರೆಗೆ ಬೇರೆಯವರನ್ನು ಹತ್ತಗೊಡುವುದಿಲ್ಲ. ಬಟ್ಟೆ ಒಗೆಯುವ ಕೋಣೆಗೆ ಹೊಸ ಯಂತ್ರ ಬಂದರೆ ಮೊದಲು ತನ್ನ ಕಾಲುಚೀಲ ಹಾಕಿ ತಿರುಗಿಸಿ, ಬಾಗಿಲಿಗೆ ಕಿವಿಯಿಟ್ಟು ಕೂರುತ್ತಾನೆ. ‘ಫಿಕಾ’ ಎಂಬ ಅಲ್ಲಿನ ಕಾಫಿ-ತಿಂಡಿಯ ಕೂಟಕ್ಕೆ ಕರೆದರೆ, ಕೇಕು ಒಳಗೂ ಬೆಂದಿದೆಯೇ ಎಂದು ಕಡ್ಡಿ ಚುಚ್ಚುತ್ತಾನೆ. “ಅಜ್ಜಾ, ಇದು ಸ್ವೀಡನ್ನು, ಇಲ್ಲಿ ಯಾರೂ ಸುಳ್ಳು ರಿಪೋರ್ಟ್ ಕೊಡಲ್ಲ,” ಎಂದು ಮೇಲಿನ ಮನೆಯ ಶ್ರೀಲಕ್ಷ್ಮಿ ಛೇಡಿಸಿದರೆ, “ನಮ್ಮಲ್ಲೂ ಹಾಗೇ ಹೇಳ್ತಿದ್ರು ಮಗಳೇ,” ಎನ್ನುತ್ತಾನೆ. ರುಮೇನಿಯಾದಲ್ಲಿ ಕಮ್ಯುನಿಸ್ಟ್ ಸರಕಾರ ಪಂಚವಾರ್ಷಿಕ ಯೋಜನೆಯಲ್ಲಿ ಕಟ್ಟಿದ ಟ್ರಾಕ್ಟರ್ ಕಾರ್ಖಾನೆಯಲ್ಲಿ ಅವನು ಫೋರ್‌ಮನ್ ಆಗಿದ್ದ. ವರ್ಷದ ಗುರಿ ಮುಟ್ಟಿಸಲು ಎಂಜಿನ್ ಇಲ್ಲದ ಟ್ರಾಕ್ಟರಿಗೂ ಬಣ್ಣ ಬಳಿದು ಮೆರವಣಿಗೆಯಲ್ಲಿ ಎಳೆಸುವುದನ್ನು ಕಂಡವನು. ಶ್ರೀಲಕ್ಷ್ಮಿ ಹೆತ್ತು ಮನೆಗೆ ಬಂದ ದಿನ, ಮಗುವಿನ ಮುಖ ನೋಡುವ ಮೊದಲೇ ಅವನು ತೊಟ್ಟಿಲ ಪಕ್ಕದ, ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಅಂಗೈ ಒತ್ತಿ ನಿಂತ. “ಬಿಸಿ ಇದೆ ಅಜ್ಜಾ, ಇದನ್ನೂ ಚೆಕ್ ಮಾಡ್ಬೇಕಾ?” ಎಂದು ಅವಳು ಸ್ವಲ್ಪ ಬೇಸರಪಟ್ಟಳು. ಅವನು ಕೈ ತೆಗೆಯಲಿಲ್ಲ. “ನಮ್ಮ ಕಾರ್ಖಾನೆಯ ಆಸ್ಪತ್ರೆಯನ್ನ ಗಡುವಿಗಿಂತ ಮೊದಲೇ ಉದ್ಘಾಟನೆ ಮಾಡಿದ್ರು. ಗೋಡೆಗೆ ರೇಡಿಯೇಟರ್ ಇತ್ತು, ಬಿಸಿನೀರಿನ ಪೈಪು ಜೋಡಿಸಿರಲಿಲ್ಲ. ಜನವರಿ ಚಳಿ. ನನ್ನ ಮಗಳು ಅಲ್ಲಿ ಹುಟ್ಟಿದಳು, ಮನೆಗೆ ಬರಲಿಲ್ಲ.”