ಒಂದೇ ರಾತ್ರಿಗೆಂದು ಹೋದ ಸುಗ್ಗಿ

ಮದುವೆಯಾದ ಎರಡನೇ ವರ್ಷ ನನ್ನ ಗಂಡನಿಗೆ ಹಬ್ಬಗಳ ಹುಚ್ಚು ಹಿಡಿಯಿತು. ಹಾಸನದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಯಾವ ತಿಂಗಳಲ್ಲಿ ಯಾವ ಊರಲ್ಲಿ ಏನು ನಡೆಯುತ್ತದೆ ಎಂದು ಪಟ್ಟಿ ಮಾಡಿ, ರಜೆ ಸಿಕ್ಕಾಗಲೆಲ್ಲ ಒಂದೊಂದನ್ನೇ ನೋಡಿ ಮುಗಿಸುತ್ತ ದೇಶ ಸುತ್ತಬೇಕು ಎನ್ನುವುದು ಅವರ ಯೋಜನೆ. ರಾಜಸ್ಥಾನದ ಒಂಟೆ ಜಾತ್ರೆ, ಕೇರಳದ ದೋಣಿ ಪಂದ್ಯ, ಮೈಸೂರಿನ ದಸರಾ, ಎಲ್ಲಕ್ಕೂ ಒಂದು ದಿನ ಅಥವಾ ಎರಡು. ಸಕಲೇಶಪುರದ ಕಡೆ ಕಾಫಿ ಹೂವು ನೋಡಬೇಕು, ಯಾವ ತಾರೀಖು ಎಂದು ನನ್ನನ್ನು ಕೇಳಿದರು. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಅರಳುತ್ತದೆ ಎಂದೆ. ಹಾಗಾದರೆ ಮಳೆ ಯಾವ ತಾರೀಖು ಎಂದರು. ನಗಲಿಲ್ಲ, ನಿಜವಾಗಿಯೂ ಕೇಳಿದ್ದರು.

ಏಪ್ರಿಲ್ ತಿಂಗಳು ಖಾಲಿ ಉಳಿದಿತ್ತು. ನನ್ನ ಅಕ್ಕನ ಊರಿನಲ್ಲಿ ಯುಗಾದಿ ಕಳೆದ ಮೇಲೆ ಸುಗ್ಗಿ ಹಬ್ಬವಾಗುತ್ತದೆ ಎಂದು ಹೇಳಿದವಳು ನಾನೇ.

ಅಕ್ಕನನ್ನು ಹೊಂಗಡಹಳ್ಳದಿಂದ ಒಳಗೆ, ಕಾಡು ಮತ್ತು ತೋಟದ ನಡುವಿನ ಒಂದು ಸಣ್ಣ ಊರಿಗೆ ಕೊಟ್ಟಿತ್ತು. ನಾವು ಹುಟ್ಟಿದ್ದು ಆಲೂರಿನ ಪಾಳ್ಯದ ಕಡೆ. ಅರ್ಧ ದಿನದ ದಾರಿ, ಆದರೂ ಆ ಸುಗ್ಗಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಡೋಲು ಬಡಿದು ಸುಗ್ಗಿ ಸಾರಿದ ಮೇಲೆ ಆ ಊರಿನಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ಊರೊಳಗೆ ಒಂದು ರಾತ್ರಿ ಮಲಗಿದವರು, ನೆಂಟರಾದರೂ ಸರಿ, ಹಬ್ಬ ಮುಗಿಯುವವರೆಗೆ ಗಡಿ ದಾಟುವಂತಿಲ್ಲ. ಇದನ್ನೆಲ್ಲ ಅಕ್ಕ ಕಾಗದದಲ್ಲಿ ಬರೆದಿದ್ದಳು. ಆ ವರ್ಷ ದೇವರ ಬಿಲ್ಲು ಹಿಡಿದು ಕುಣಿತದ ಮುಂದೆ ನಡೆಯುವ ಸರದಿ ಭಾವನ ಮನೆಯದು ಎಂದೂ ಬರೆದಿದ್ದಳು. ಆ ಸರದಿ ಹನ್ನೊಂದು ಮನೆಗಳನ್ನು ಸುತ್ತಿ ಬರುತ್ತದೆ. ಹಿಂದಿನ ಸಲ ಬಂದಾಗ ಭಾವನ ಅಪ್ಪ ತೀರಿಕೊಂಡು ಮೂರು ದಿನವಾಗಿತ್ತು, ಸೂತಕವೆಂದು ತಪ್ಪಿಹೋಯಿತು. ಆಗಿನಿಂದ ಭಾವ ಕಾಯುತ್ತಿದ್ದರು. ‘ಬರುವುದಾದರೆ ಸಾರುವ ಮುಂಚೆ ಬಂದು ಹೋಗಿ, ಇಲ್ಲವೇ ಐದು ದಿನವೂ ಇರುವ ಹಾಗೆ ಬನ್ನಿ’ ಎಂದು ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದಳು.

“ಹಬ್ಬ ಶುರುವಾಗೋ ಮುಂಚೆ ಹೋಗಿ ಏನ್ ನೋಡೋದು?” ಎಂದರು ನನ್ನ ಗಂಡ. “ಆ ಕಟ್ಟುಪಾಡೆಲ್ಲ ಊರವರಿಗೆ. ನಾವು ಒಂದು ರಾತ್ರಿ ಇದ್ದು ಹೊರಡೋಣ.” ಮಾರನೆಯ ದಿನ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಅದರ ಮರುದಿನ ಕರಾವಳಿಯಲ್ಲೊಂದು ಭೂತಕೋಲ. ಅದನ್ನಾಗಲೇ ಪಟ್ಟಿಯಲ್ಲಿ ಬರೆದಾಗಿತ್ತು. ನಾನು ವಾದ ಮಾಡಲಿಲ್ಲ. ಬಿ.ಎಸ್ಸಿ. ಓದಿದವಳು, ಚಪ್ಪಲಿ ಒಗ್ಗರಣೆಗಳ ಭಯ ನನಗೂ ಇರಲಿಲ್ಲ.

ಪರಿಚಯದವರ ಹಳೆಯ ಜೀಪಿನಲ್ಲಿ ಮಧ್ಯಾಹ್ನ ತಲುಪಿದೆವು. ಊರ ಬಾಯಿಯಲ್ಲಿ ಉಣುಗೋಲು ಹಾಕಿತ್ತು, ಎರಡು ಗೂಟಗಳ ನಡುವೆ ಅಡ್ಡಡ್ಡ ಸಿಕ್ಕಿಸಿದ ಮೂರು ಬೊಂಬು. ಅದರಾಚೆ ಬರಿಗಾಲಿನ ಏಳೆಂಟು ಗಂಡಸರು. ನಡುವೆ ನಿಂತಿದ್ದ ಮುದುಕರನ್ನು ಎಲ್ಲರೂ ಗೌಡ್ರು ಎನ್ನುತ್ತಿದ್ದರು. ಸುಗ್ಗಿಯ ಐದು ದಿನ ಊರಿನಲ್ಲಿ ಅವರ ಮಾತೇ ಕೊನೆ.

“ಇರಕ್ ಬಂದ್ರೋ, ನೋಡಕ್ ಬಂದ್ರೋ?” ಎಂದು ಗೌಡರು ಕೇಳಿದರು.

“ಇರೋಕೇ ಬಂದಿದೀವಿ” ಎಂದರು ನನ್ನ ಗಂಡ, ನಗುತ್ತ.

“ನೋಡಿ ಮೇಷ್ಟ್ರೇ, ಹೊತ್ತು ಮುಳುಗೋದ್ರೊಳಗೆ ಹೋಗೋದಾದ್ರೆ ಈಗ್ಲೇ ಹೋಗಿ, ಯಾರೂ ಏನೂ ಅನ್ನಲ್ಲ. ಉಳದ್ರೆ ಮುಗಿಯೋಗಂಟ ಉಳೀಬೇಕು.”

“ಆಗಲಿ ಆಗಲಿ.”

ಅದು ಸುಳ್ಳೆಂದು ಪಕ್ಕದಲ್ಲಿ ಕುಳಿತಿದ್ದ ನನಗೆ ಗೊತ್ತಿತ್ತು. ಬಗ್ಗಿ ಚಪ್ಪಲಿ ಬಿಚ್ಚುವ ನೆವದಲ್ಲಿ ಮುಖ ಮರೆಸಿಕೊಂಡೆ.

ಅಕ್ಕನಿಗೆ ಐದು ದಿನ ಇರುತ್ತೇವೆ ಎಂದೇ ಹೇಳಿದೆ. ಅವಳು ಸಂತೋಷದಿಂದ ನನ್ನ ಕೆನ್ನೆ ಹಿಂಡಿದಳು. ಭಾವ ಹೊಸ ಪಂಚೆ ತೆಗೆದು ತೋರಿಸಿದರು. ಕುಣಿತದ ಹೆಜ್ಜೆ ಮರೆತಿರಬಹುದೆಂದು ತಿಂಗಳಿಂದ ಕಣದಲ್ಲಿ ಒಬ್ಬರೇ ಹಾಕಿ ನೋಡುತ್ತಿದ್ದಾರೆ ಎಂದು ಅಕ್ಕ ಆಡಿಕೊಂಡಳು. ನನ್ನ ಗಂಡ ಆ ಸಂಜೆ ಎರಡು ರೋಲು ಫೋಟೊ ತೆಗೆದರು. ದೇವರ ಬನದ ಹತ್ತಿರ ಕ್ಯಾಮೆರಾ ಎತ್ತಿದಾಗ ಒಬ್ಬಾತ ಅಂಗೈಯನ್ನೇ ಲೆನ್ಸಿಗೆ ಅಡ್ಡ ಹಿಡಿದ.

“ಹೆಣ್ಣು ನೋಡಕ್ ಬಂದಂಗೆ ನೋಡ್ತೀಯಲ್ಲ ಮಾರಾಯ” ಎಂದ. ಸುತ್ತ ನಿಂತವರು ನಕ್ಕರು. ಆ ನಗುವಿನಲ್ಲಿ ಸ್ನೇಹವಿರಲಿಲ್ಲ.

ಬೆಳಿಗ್ಗೆ ಏಳಕ್ಕೇ ನನ್ನ ಗಂಡ ಬ್ಯಾಗುಗಳನ್ನು ಜೀಪಿಗೆ ಹಾಕಿದರು. ಭಾವ ಕೊಟ್ಟಿಗೆಯಿಂದ ಓಡಿ ಬಂದರು.

“ಬ್ಯಾಡಿ ಮೇಷ್ಟ್ರೇ. ಇವತ್ತಿಗೆ ಎರಡನೇ ದಿನ. ನಮ್ ಮನೇಲಿ ಮಲಗಿದೋರು ಗಡಿ ದಾಟಿದ್ರೆ ನನಗೆ ಬಿಲ್ಲು ಕೊಡಲ್ಲ. ನಾಕು ದಿನ ಕಣ್ರೀ, ನಾಕೇ ದಿನ.”

“ನಾಳೆ ನಾನು ಕರಾವಳೀಲಿ ಇರಬೇಕು. ಗೌಡ್ರಿಗೆ ನೀವೇ ಒಂದು ಮಾತು ಹೇಳಿ.”

“ನಾನ್ ಏನಂತ ಹೇಳ್ಲಿ? ನೀವು ಇರ್ತೀವಿ ಅಂದು ಒಳಗೆ ಬಂದೋರು.”

ನನ್ನ ಗಂಡ ಜೀಪು ಹತ್ತಿದರು. ನಾನೂ ಹತ್ತಿದೆ. ಇಳಿಯಬಹುದಿತ್ತು. ಅಕ್ಕ ಒಳಗೆ ರೊಟ್ಟಿ ತಟ್ಟುತ್ತಿದ್ದಳು, ಅವಳಿಗೆ ಹೇಳಿ ಬರುವ ಧೈರ್ಯವೂ ನನಗಾಗಲಿಲ್ಲ.

ಮನೆಯಿಂದ ಉಣುಗೋಲಿನವರೆಗೆ ದಾರಿ ಇಳಿಜಾರು, ಎರಡು ತಿರುವು. ನಾವು ತಿರುವು ಸುತ್ತಿ ಬರುವಷ್ಟರಲ್ಲಿ ಭಾವ ಕಾಫಿ ಗಿಡಗಳ ನಡುವೆ ಅಡ್ಡಹಾದಿಯಲ್ಲಿ ಇಳಿದು ಉಣುಗೋಲಿನ ಆಚೆ ಬದಿಯಲ್ಲಿ, ಊರ ಗಡಿಕಲ್ಲಿಗಿಂತ ನಾಲ್ಕು ಮಾರು ಈಚೆಗೆ, ಬೊಂಬುಗಳಿಗೆ ಎದೆ ತಾಗುವಂತೆ ನಿಂತಿದ್ದರು. ಕೈ ಮುಗಿದಿದ್ದರು. ಜೀಪು ನಿಂತಿತು. ಎಂಜಿನ್ ಸದ್ದಿಗೆ ಎಲ್ಲಿಂದಲೋ ಗಂಡಸರು ಬಂದು ಎರಡು ಕಡೆಯೂ ಸೇರಿದರು.

“ಏನ್ ಮೇಡಮ್ಮೋರೇ, ಹಬ್ಬ ಮುಗೀತಾ?”

“ಟಿಕೆಟ್ಟು ಇಷ್ಟಕ್ಕೇ ಅಂತೆ ಕಣೋ.”

“ಅಕ್ಕನ ಮನೆ ಹಾಳ್ ಮಾಡಕ್ಕೆ ಜೀಪ್ ಮಾಡ್ಕಂಡ್ ಬಂದವ್ಳೆ.”

ಒಬ್ಬ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದ. ಇನ್ನೊಬ್ಬ ನನ್ನ ಪಕ್ಕದ ಕಂಬಿ ಹಿಡಿದು ಜೀಪನ್ನು ಅಲುಗಿಸಿದ. ಅವನ ಬೆವರಿನ ವಾಸನೆ ಬಡಿಯುವಷ್ಟು ಹತ್ತಿರ. ಸೊಂಟದಲ್ಲಿ ಕತ್ತಿ ಇತ್ತು. ತೋಟದ ಗಂಡಸರೆಲ್ಲರ ಸೊಂಟದಲ್ಲೂ ಇರುವಂಥದ್ದೇ, ದಿನವೂ ನೋಡಿದ್ದೇ. ಆ ಕ್ಷಣದಲ್ಲಿ ನನಗೆ ಅದೊಂದೇ ಕಂಡಿತು.

“ನಡೀರಿ” ಎಂದೆ ಗಂಡನಿಗೆ. “ನಡೀರಿ, ಸರೀತಾರೆ.”

ಅವರು ಬ್ರೇಕಿನಿಂದ ಕಾಲು ತೆಗೆದರು. ಇಳಿಜಾರಾದ್ದರಿಂದ ಅಷ್ಟೇ ಸಾಕಾಯಿತು. ಭಾವ ಸರಿಯಲಿಲ್ಲ. ಕೆಳಗಿನ ಬೊಂಬು ನಡುವೆ ಸೀಳಿತು, ಮೇಲಿನದು ಗೂಟದಿಂದ ಕಿತ್ತು ಭಾವನನ್ನು ಹಿಂದಕ್ಕೆ ಕೆಡವಿತು. ಜೀಪಿನ ಮುಂದಿನ ಚಕ್ರ ಅವರ ಎಡಗಾಲಿನ ಮೇಲೆ ಹತ್ತಿ ಇಳಿಯಿತು. ಆ ಏರಿಳಿತವನ್ನು ನಾನು ಸೀಟಿನಲ್ಲಿ ಕುಳಿತೇ ಅನುಭವಿಸಿದೆ. ದಾರಿಯಲ್ಲಿ ಕಲ್ಲು ಸಿಕ್ಕಿದ ಹಾಗೆ. ಇವತ್ತಿಗೂ ಬಸ್ಸು ರಸ್ತೆಯುಬ್ಬು ದಾಟಿದಾಗಲೆಲ್ಲ ನನ್ನ ಕೈ ಮುಂದಿನ ಸೀಟನ್ನು ಹಿಡಿಯುತ್ತದೆ.

ಆಮೇಲಿನದು ಬಹಳ ಬೇಗ ಆಯಿತು. ಯಾರೋ ಕೈ ಹಾಕಿ ಕೀಲಿ ಕಿತ್ತುಕೊಂಡರು. ನನ್ನ ಗಂಡನನ್ನು ಅಂಗಿ ಹಿಡಿದು ಕೆಳಗೆಳೆದು ಧರೆಗೆ ಒತ್ತಿದರು. ಕತ್ತಿಯವನು ಕತ್ತಿ ಹಿರಿದಿದ್ದ. ಅದು ಮೇಲೆದ್ದು ಗಾಳಿಯಲ್ಲೇ ನಿಂತದ್ದು ಗೌಡರ ದನಿಗೆ.

“ಯಾರೂ ಕೈ ಎತ್ತಬ್ಯಾಡ್ರೋ. ಸುಗ್ಗೀಲಿ ನೆಲಕ್ಕೆ ರಕ್ತ ಬೀಳಂಗಿಲ್ಲ.”

ರಕ್ತ ಆಗಲೇ ಬಿದ್ದಿತ್ತು. ಭಾವನ ಹಿಮ್ಮಡಿಯ ಕೆಳಗೆ ಮಣ್ಣು ಕಪ್ಪಾಗುತ್ತಿತ್ತು. ಗೌಡರು ಅದನ್ನು ನೋಡಿದರು, ಆಮೇಲೆ ನನ್ನ ಗಂಡನ ಕಡೆ ತಿರುಗಿದರು.

“ಮನುಷ್ಯ ನಿಂತವ್ನೆ ಅಂತ ಕಾಣ್ಲಿಲ್ವಾ ಮೇಷ್ಟ್ರೇ?”

“ಇವಳೇ ನಡೀರಿ ಅಂದಿದ್ದು” ಎಂದರು ನನ್ನ ಗಂಡ.

ಅಕ್ಕ ಅಷ್ಟರಲ್ಲಿ ಬಂದು ನಿಂತಿದ್ದಳು. ಕೈಗೆ ಅಂಟಿದ ಅಕ್ಕಿಹಿಟ್ಟು ಇನ್ನೂ ಹಾಗೆಯೇ ಇತ್ತು. ಅವಳು ನನ್ನನ್ನು ನೋಡಿದಳು. ನಾನು ಇಲ್ಲ ಎನ್ನಲಿಲ್ಲ.

ಭಾವನನ್ನು ಸಕಲೇಶಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಗೌಡರೇ ಒಪ್ಪಿಗೆ ಕೊಟ್ಟರು. ಜೀವಕ್ಕಿಂತ ಕಟ್ಟು ದೊಡ್ಡದಲ್ಲ, ತಪ್ಪುಕಾಣಿಕೆ ಕಟ್ಟಿದರಾಯಿತು ಎಂದರು. ಒಪ್ಪದವರು ಭಾವ. ತಾನು ಗಡಿ ದಾಟಿದರೆ ಬಿಲ್ಲು ಹೋಯಿತು, ಊರೊಳಗೇ ಇದ್ದರೆ ಕೊನೆಯ ದಿನದ ಹೊತ್ತಿಗೆ ಒಂದು ಕಾಲಲ್ಲಾದರೂ ಎದ್ದು ನಿಲ್ಲುತ್ತೇನೆ ಎಂದು ಹಲ್ಲು ಕಚ್ಚಿ ಹೇಳಿದರು. ಊರಲ್ಲೇ ಮೂಳೆ ಕಟ್ಟುವ ಒಬ್ಬರು ಬಂದು ಕಾಲಿಗೆ ಸೀಳಿದ ಬೊಂಬಿಟ್ಟು ಬಟ್ಟೆ ಸುತ್ತಿದರು. ಯಾವ ಬೊಂಬು ಎಂದು ನಾನು ಕೇಳಲಿಲ್ಲ.

ನಾವೂ ಉಳಿದೆವು. ಉಳಿಯುವುದೇ ಶಿಕ್ಷೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಉಪ್ಪು ಹುಳಿ ಮಾತ್ರದ ಅನ್ನವನ್ನು ಅಕ್ಕ ನಮ್ಮ ಮುಂದೆ ಇಟ್ಟು ಒಳಗೆ ಹೋಗುತ್ತಿದ್ದಳು. ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ನನ್ನ ಗಂಡ ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದರು. ಭಾವನಿಗೆ ಮೂರನೇ ದಿನ ಜ್ವರ ಏರಿತು. ಡೋಲಿನ ಸದ್ದು ಕೇಳಿದಾಗ ಹಾಸಿಗೆಯಲ್ಲೇ ಬಲಗಾಲಿನ ಬೆರಳುಗಳು ತಾಳ ಹಾಕುತ್ತಿದ್ದವು. ಆಸ್ಪತ್ರೆಗೆ ಹೋಗೋಣವೆಂದು ಅಕ್ಕ ಬೇಡಿಕೊಂಡಳು, ಬೈದಳು. ಭಾವ ತಲೆ ಅಲ್ಲಾಡಿಸಿದರು.

ಕೊನೆಯ ದಿನ ಮಧ್ಯಾಹ್ನ ಇಬ್ಬರು ಅವರನ್ನು ಎತ್ತಿ ಬನದ ಮುಂದಕ್ಕೆ ತಂದರು. ಗೌಡರು ಬಿಲ್ಲನ್ನು ಅವರ ಕೈಗೆ ಕೊಟ್ಟರು. ಊರು ಅಷ್ಟು ಮಾಡಿತು. ಭಾವ ಎರಡು ಕಡೆಯ ಭುಜ ಬಿಡಿಸಿಕೊಂಡು ನಿಂತರು. ಒಂದು ಹೆಜ್ಜೆ ಇಟ್ಟರು. ಎರಡನೆಯದಕ್ಕೆ ಎಡಗಾಲು ಮಡಚಿಕೊಂಡಿತು. ಬಿಲ್ಲು ನೆಲಕ್ಕೆ ತಾಗುವ ಮೊದಲೇ ಹಿಂದಿನ ಸರದಿಯ ಮನೆಯವನು ಅದನ್ನು ಹಿಡಿದುಕೊಂಡ. ಹಿಡಿದ ಮೇಲೆ ಅವನೇ ಮುಂದೆ ನಡೆಯಬೇಕಾಯಿತು, ನಡೆದ. ಭಾವ ಬಿದ್ದಲ್ಲೇ ಕುಳಿತು ಪೂರ್ತಿ ಕುಣಿತ ನೋಡಿದರು.

ಮರುದಿನ ಬೆಳಿಗ್ಗೆ ಉಣುಗೋಲು ತೆಗೆದರು. ಗೌಡರು ಕೀಲಿಯನ್ನು ನನ್ನ ಕೈಗೆ ಕೊಟ್ಟರು, ಗಂಡನ ಕೈಗಲ್ಲ. ಭಾವನ ಕಾಲು ತೊಡೆಯವರೆಗೆ ಊದಿತ್ತು. ಊರಿನಲ್ಲಿದ್ದ ಗಾಡಿ ನಮ್ಮದೊಂದೇ. ಹಿಂದಿನ ಸೀಟಿನಲ್ಲಿ ಮಲಗಿಸಬಹುದು ಎಂದು ಅಕ್ಕನಿಗೆ ಹೇಳಿದೆ.

“ನಿಮ್ ಜೀಪು ಬ್ಯಾಡ ಕಣೆ” ಎಂದಳು. “ನೀವು ಹೊರಡಿ.”

ನಾಲ್ವರು ಕುರ್ಚಿಗೆ ಬೊಂಬು ಕಟ್ಟಿ ಭಾವನನ್ನು ಹೊತ್ತು ಹೊರಟರು. ಅಕ್ಕ ಪಕ್ಕದಲ್ಲಿ ನಡೆದಳು. ಬಸ್ಸು ಸಿಗುವ ರಸ್ತೆಗೆ ಮೂರು ಮೈಲಿ, ಜೀಪೊಂದು ಹೋಗುವಷ್ಟೇ ಅಗಲದ ದಾರಿ. ಅವರು ಪಕ್ಕಕ್ಕೆ ಸರಿಯಲಿಲ್ಲ, ನಾವು ಹಾರ್ನ್ ಮಾಡಲಿಲ್ಲ. ಖಾಲಿ ಹಿಂದಿನ ಸೀಟಿನೊಂದಿಗೆ ಮೊದಲನೇ ಗೇರಿನಲ್ಲಿ ಅವರ ಹಿಂದೆ ಹೋದೆವು. ನನ್ನ ಗಂಡ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದರು. ಒಮ್ಮೆ ಭಾವ ಕುರ್ಚಿಯಲ್ಲಿ ತಿರುಗಿ ಚಕ್ರ ಎಷ್ಟು ದೂರದಲ್ಲಿದೆಯೆಂದು ನೋಡಿದರು.