ಹಿತ್ತಿಲ ಕೊಳಕ್ಕೆ ಅಪ್ಪಣೆ

ಈಜು ಬರುವವನು ಈಜುಕೊಳದ ನಕ್ಷೆ ಬರೆಯಬಾರದು. ಸ್ವಂತ ಹಿತ್ತಿಲನ್ನು ಅಗೆಸಿ ನಾನು ಕಲಿತ ಪಾಠ ಇದು. ನನಗೆ ಈಜು ಯಾವಾಗ ಬಂತೋ, ಹೇಗೆ ಬಂತೋ ನೆನಪಿಲ್ಲ. ನಮ್ಮೂರು ಹೊಳಲಿನ ತೋಟದ ಬಾವಿಗೆ ಯಾರೋ ಸೊಂಟಕ್ಕೆ ಒಣಸೋರೆಬುರುಡೆ ಕಟ್ಟಿ ತಳ್ಳಿದರಂತೆ. ತಳ್ಳಿದವರು ದೊಡ್ಡಪ್ಪ ಎಂದು ಒಮ್ಮೆ, ಸೋದರಮಾವ ಎಂದು ಇನ್ನೊಮ್ಮೆ ಹೇಳಿದ್ದೇನೆ. ಕೇಳುವವರು ಯಾರ ಕಡೆಯ ನೆಂಟರು ಎಂಬುದರ ಮೇಲೆ ಅದು ನಿಂತಿದೆ. ಈಜು ಬಾರದ ಕಾಲದ ನೆನಪೇ ಇಲ್ಲದವನು ನೀರಿಗೆ ಹೆದರುವವರಿಗಾಗಿ ಕೊಳ ಕಟ್ಟಿಸಲು ಹೊರಟರೆ ಏನಾಗಬೇಕೋ ಅದೇ ಆಯಿತು.

ನೀರಿಗೆ ಹೆದರುತ್ತಿದ್ದವಳು ನನ್ನ ಹೆಂಡತಿ ಜಯಮ್ಮ. ಅವಳ ತವರು ಮಳವಳ್ಳಿಯ ಆಚೆ, ರಾಗಿ ಹೊಲಗಳ ಊರು. ಅಲ್ಲಿ ನೀರೆಂದರೆ ಕೊಡದಲ್ಲಿ ಇರುವಂಥದ್ದು, ಹೆಚ್ಚೆಂದರೆ ಹಂಡೆಯಲ್ಲಿ. ಅವಳು ಮದುವೆಯಾಗಿ ಬಂದಾಗ ನಮ್ಮೂರಿಗೆ ನಾಲೆ ಬಂದು ಕೆಲವೇ ವರ್ಷಗಳಾಗಿದ್ದವು. ನಮಗೆಲ್ಲ ನಾಲೆ ಎಂದರೆ ಭತ್ತ, ಕಬ್ಬು, ಮಂಡ್ಯದ ದಾರಿಯಲ್ಲಿ ಸಾಲುಗಟ್ಟಿದ ಕಬ್ಬಿನ ಗಾಡಿಗಳು. ಅವಳಿಗೆ ಅದು ಹಿತ್ತಿಲ ಬೇಲಿಯ ಆಚೆ ಸದ್ದಿಲ್ಲದೆ ಮಲಗಿ ಮಗ್ಗುಲು ಬದಲಿಸುವ ಒಂದು ಪ್ರಾಣಿ. ಮಗಳು ಚಿಕ್ಕತಾಯಿ ನಡೆಯಲು ಕಲಿತ ಮೇಲೆ ಈ ಹೆದರಿಕೆಗೂ ಕಾಲು ಬಂತು. ಮಗು ಒಂದು ಗಳಿಗೆ ಕಾಣದಿದ್ದರೆ ಜಯಮ್ಮ ಒಲೆಯ ಮೇಲಿನ ಸಾರು ಬಿಟ್ಟು ನಾಲೆಯ ಏರಿಗೆ ಓಡುತ್ತಿದ್ದಳು. ಮಗು ಕಣಜದ ಹಿಂದೆಯೋ ಅಜ್ಜಿಯ ಸೆರಗಿನೊಳಗೋ ಇರುತ್ತಿತ್ತು. ಸಾರು ಮಾತ್ರ ಉಕ್ಕಿರುತ್ತಿತ್ತು.

ನಮ್ಮ ಕಡೆಯ ಹೆಂಗಸರು ಮುಖ್ಯವಾದ ಮಾತನ್ನು ಗಂಡನಿಗೆ ನೇರವಾಗಿ ಹೇಳುವುದಿಲ್ಲ. ಮಗುವಿನ ಕೈಲಿ ಕೊಟ್ಟು ಕಳಿಸುತ್ತಾರೆ. ಒಂದು ಸಂಜೆ ನಾನು ಮಂಡ್ಯದ ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದೆ. ಜಯಮ್ಮ ಚಿಕ್ಕತಾಯಿಯ ತಲೆ ಬಾಚುತ್ತ ಹೇಳಿದಳು:

"ನಿಮ್ಮಪ್ಪಯ್ಯಂಗೆ ಏಳು ಮಗ. ನೀನೇನಾರಾ ನೀರಿಗೆ ಬಿದ್ರೆ ನಿಮ್ಮವ್ವ ಏರಿ ಮ್ಯಾಲೆ ನಿಂತ್ಕಂಡು ಬಾಯಿ ಬಡ್ಕಳದು ಬುಟ್ರೆ ಇನ್ನೇನೂ ಬರಕಿಲ್ಲ ಅವ್ಳಿಗೆ. ಈಜು ಕಲಿಸ್ತಾರಾ ಕೇಳು."

ಚಿಕ್ಕತಾಯಿ ನನ್ನ ಕಡೆ ತಿರುಗಿ, "ಕಲಿಸ್ತೀಯಾ?" ಎಂದಳು. ಉಳಿದದ್ದು ಬೇಡವೆಂದು ಅವಳಿಗೆ ತೋರಿರಬೇಕು.

ನಾಲೆಯಲ್ಲಿ ಕಲಿಸುವಂತಿರಲಿಲ್ಲ. ಊರಿನವರೆಲ್ಲ ಓಡಾಡುವ ಏರಿಯ ಕೆಳಗೆ ಸೊಸೆಯಾದವಳು ಕೈಕಾಲು ಬಡಿಯುವುದುಂಟೆ? ಬಾವಿಯಲ್ಲಿ ಇಳಿಯಲು ಮೆಟ್ಟಿಲಿಲ್ಲ. ಆದ್ದರಿಂದ ಹಿತ್ತಿಲಲ್ಲೇ ಗೋಡೆ ಸುತ್ತಿಸಿ ಒಂದು ಕೊಳ ಕಟ್ಟಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ. ಬರೆಯುವಾಗ ಇದು ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ. ಜಯಮ್ಮನ ಪ್ರಕಾರ ಅವಳು ಬಾಯಿ ಬಿಡುವ ಮೊದಲೇ ನಾನು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಈಜುಕೊಳದ ಚಿತ್ರ ನೋಡಿ, ಹಿತ್ತಿಲಲ್ಲಿ ಹೆಜ್ಜೆಯಿಂದ ಅಳೆಯುತ್ತ ಬದನೆ ಪಾತಿ ತುಳಿದಿದ್ದೆನಂತೆ. ಕಾರಣ ಆಮೇಲೆ ಸಿಕ್ಕಿತಂತೆ. ನೆನಪು ಗಾರೆ ಕೆಲಸದವನ ಹಾಗೆ: ಬಿರುಕು ಕಂಡಲ್ಲೆಲ್ಲ ಸವರಿ ನುಣುಪು ಮಾಡುತ್ತದೆ; ಒಳಗಿರುವುದು ಕಲ್ಲೋ ಜೇಡಿಯೋ ಆಮೇಲೆ ಯಾರಿಗೂ ತಿಳಿಯದು. ಈ ಬಿರುಕನ್ನು ನಾನು ಹಾಗೆಯೇ ಬಿಡುತ್ತೇನೆ. ಬೇಕಾದವರು ಬೆರಳಿಟ್ಟು ನೋಡಬಹುದು.

ನನ್ನ ನಕ್ಷೆ ಸೊಗಸಾಗಿತ್ತು. ಉದ್ದನೆಯ ಚೌಕ, ನೆಟ್ಟಗೆ ಇಳಿಯುವ ಗೋಡೆ, ಈ ತುದಿಯಿಂದ ಆ ತುದಿಗೆ ಒಂದೇ ಆಳ, ಒಂದು ಕಬ್ಬಿಣದ ಏಣಿ, ಹಾರಲು ಒಂದು ಹಲಗೆ. ಹಾರುವವರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಜಲಕ್ರೀಡೆಯ ವರ್ಣನೆಯಿಲ್ಲದೆ ಕವಿ ಮುಂದೆ ಹೋಗುವಂತಿಲ್ಲ. ರಾಣಿಯರು ತಂಡತಂಡವಾಗಿ ಕೊಳಕ್ಕೆ ಇಳಿಯುತ್ತಾರೆ, ತಾವರೆಗಳಿಗೆ ಅವರ ಮುಖ ಕಂಡು ನಾಚಿಕೆಯಾಗುತ್ತದೆ, ಮೀನುಗಳಿಗೆ ಅವರ ಕಣ್ಣು ಕಂಡು ಗಲಿಬಿಲಿಯಾಗುತ್ತದೆ. ಆದರೆ ಆ ರಾಣಿಯರಿಗೆ ಈಜು ಕಲಿಸಿದವರು ಯಾರು, ಮೊದಲ ದಿನ ಅವರಲ್ಲಿ ಎಷ್ಟು ಮಂದಿ ಮೂಗಿಗೆ ನೀರು ಹೋಗಿ ಅತ್ತರು, ಆ ಕೊಳಕ್ಕೆ ನೀರು ಬಿಡಲು ಯಾವ ಕಚೇರಿ ಒಪ್ಪಿತು ಎಂದು ಒಬ್ಬ ಕವಿಯಾದರೂ ಹೇಳಿದ್ದಾನೆಯೇ? ಆ ಬಿಟ್ಟುಹೋದ ಸರ್ಗವೆಲ್ಲ ನನ್ನ ಪಾಲಿಗೆ ಬಂತು.

ಮೊದಲ ಅಪ್ಪಣೆ ನನ್ನ ಅವ್ವನದು. ನನ್ನ ಪ್ರಯೋಗಗಳ ಬಗ್ಗೆ ಅವ್ವನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹಿಂದಿನ ವರ್ಷ ನಾನೇ ನಿಂತು ಕಟ್ಟಿಸಿದ ಹೊಗೆಯಿಲ್ಲದ ಒಲೆ, ಅಡುಗೆಮನೆಯ ಹೊಗೆಯನ್ನೆಲ್ಲ ಗೋಡೆಯಾಚೆಯ ದೇವರ ಕೋಣೆಗೆ ಸಾಗಿಸಿತ್ತು.

"ನಾಲೆ ಬೇಲಿಯಿಂದಾಚ್ಗದೆ, ಬಲು ದೂರಾಯ್ತು ಅಂತವಾ ನಿಂಗೆ?" ಎಂದಳು ಅವ್ವ. "ಮಗಿಗೆ ಒಸಿಲ ತಾವ್ಕೇ ನೀರು ತಂದು ಮಡಗ್ತೀಯೇನ್ಲಾ?"

ನಾನು ನಕ್ಷೆಯನ್ನು ಮಡಿಸತೊಡಗಿದ್ದನ್ನು ನೋಡಿ ಅವ್ವ ಸ್ವಲ್ಪ ಮೆತ್ತಗಾದಳು. ಸೊಸೆ ಏರಿಗೆ ಓಡುವುದನ್ನು ದಿನವೂ ಕಾಣುತ್ತಿದ್ದವಳು ಅವಳೇ ಅಲ್ಲವೆ?

"ಕಟ್ಟು. ಬಾಗ್ಲು ಮಡಗು, ಬೀಗ ಆಕು. ಬೀಗದ ಕೈ ನನ್ ಸೊಂಟದಲ್ಲಿರ್ಬೇಕು. ನಿನ್ ಸೊಂಟದಲ್ಲಲ್ಲ ಕಣ್ಲಾ."

ಎರಡನೆಯದು ಊರ ಪಟೇಲರದು. ನಾಲೆಯಿಂದ ಬರುವ ಕಾಲುವೆ ಊರೊಟ್ಟಿನ ಜಾಗದಲ್ಲಿ ಹಾದುಬರಬೇಕಾಗಿತ್ತು. ಪಟೇಲರು ಎಲೆ ಅಡಿಕೆ ಮಡಿಸುತ್ತ ಎಲ್ಲ ಕೇಳಿದರು. ಹೆಂಗಸರು ಈಜುವುದು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನು ಸಿದ್ಧನಾಗಿ ಹೋಗಿದ್ದೆ. ಅವರು ಕೇಳಿದ್ದು ಒಂದೇ.

"ಗ್ವಾಡೆ ಎಷ್ಟೆತ್ರ?"

"ಆಳೆತ್ತರ, ಪಟೇಲ್ರೇ."

"ಸಾಲ್ದು ಕಣಪ್ಪ. ಉಲ್ಲಿನ್ ಗಾಡಿ ಮ್ಯಾಲೆ ಕುಂತ್ಕಂಡ್ ಓಯ್ತಾನಲ್ಲ, ಅವನಿಗೂ ಕಾಣಬಾರ್ದು. ಆಮ್ಯಾಕೆ ಅವ್ನು ಗಾಡಿ ಎಲ್ಲಿಗೆ ಒಡ್ದಾನು?"

ಗೋಡೆ ಎತ್ತರವಾಯಿತು. ಹುಲ್ಲಿನ ಗಾಡಿಯೊಂದನ್ನು ಹಿತ್ತಿಲ ದಾರಿಯಲ್ಲಿ ನಿಲ್ಲಿಸಿ, ಅದರ ಮೇಲೆ ನಾನೇ ಹತ್ತಿ ಕೂತು ನೋಡಿ ಎತ್ತರ ಗೊತ್ತುಮಾಡಿದೆ. ದಾರಿಯಲ್ಲಿ ಹೋಗುವವರು ಮೇಷ್ಟ್ರು ಗಾಡಿ ಕೊಂಡರೆಂದು ತಿಳಿದರು.

ಮೂರನೆಯದು ಮಂಡ್ಯದಲ್ಲಿದ್ದ ನಾಲೆಯ ಓವರ್ಸಿಯರರದು. ಮೈಸೂರಿನ ಕಡೆಯ ಮನುಷ್ಯ, ಮೃದು ಮಾತು.

"ಬೆಳೆ ಯಾವುದು ಮೇಷ್ಟ್ರೇ?"

"ಬೆಳೆಯಲ್ಲ ಸ್ವಾಮಿ, ಈಜು."

"ನೋಡಿ, ಭತ್ತಕ್ಕೆ ನೀರು ಕೊಡ್ತೀವಿ, ಕಬ್ಬಿಗೆ ಕೊಡ್ತೀವಿ, ರಾಗಿಗೂ ಕೊಡ್ತೀವಿ. ಈಜನ್ನ ಯಾವ ಬೆಳೆ ಕೆಳಗೆ ಸೇರಿಸ್ಲಿ? ಅದಕ್ಕೆ ಕಟಾವು ಯಾವಾಗ?"

ನಾನು ಆರೋಗ್ಯ, ನಾಗರಿಕತೆ, ಹೊಸ ಕಾಲ ಎಂದು ಸಾಕಷ್ಟು ದೂರ ಹೋದೆ. ಅವರು ತಾಳ್ಮೆಯಿಂದ ಕೇಳಿ, "ಯಾರಿಗೆ ಬೇಕಾಗಿತ್ತು?" ಎಂದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅದನ್ನ ಮೊದಲೇ ಹೇಳೋದಲ್ವೇ? ನಮ್ಮ ಕ್ವಾರ್ಟರ್ಸೂ ನಾಲೆ ಪಕ್ಕದಲ್ಲೇ ಇರೋದು. ನಮ್ಮನೇಲೂ ಸಣ್ಣ ಮಕ್ಕಳಿವೆ."

ದಾರಿಯನ್ನೂ ಅವರೇ ಕಂಡುಹಿಡಿದರು. ನಮ್ಮ ಕಬ್ಬಿನ ಗದ್ದೆಗೆ ವಾರಕ್ಕೊಂದು ಸರದಿ ನೀರು ಹೇಗೂ ಇತ್ತು. ಆ ನೀರು ಗದ್ದೆಗೆ ಹೋಗುವ ದಾರಿಯಲ್ಲಿ ನಮ್ಮ ಹಿತ್ತಿಲಲ್ಲಿ ಕೊಂಚ ಕೂತು ದಣಿವಾರಿಸಿಕೊಂಡರೆ ತಾವು ಬೇರೆ ಕಡೆ ನೋಡುವುದಾಗಿ ಹೇಳಿದರು. "ಆದರೆ ನಿಂತ ನೀರು ಅಂದ್ರೆ ಮಲೇರಿಯಾ ಇನ್ಸ್‌ಪೆಕ್ಟರು ಬರ್ತಾರೆ. ಅವರು ಬೇರೆ ಕಡೆ ನೋಡೋ ಜಾತಿಯವರಲ್ಲ."

ಬಂದರು. ನಾಲೆ ನಮಗೆ ಅನ್ನದ ಜೊತೆ ಚಳಿಜ್ವರವನ್ನೂ ತಂದಿತ್ತು. ಇನ್ಸ್‌ಪೆಕ್ಟರು ಸೈಕಲ್ಲಿಗೆ ಉದ್ದ ಹಿಡಿಯ ಸೌಟು ಕಟ್ಟಿಕೊಂಡು ಊರೂರು ತಿರುಗಿ, ನಿಂತ ನೀರಿನಲ್ಲಿ ಸೌಟು ಅದ್ದಿ ಸೊಳ್ಳೆಮರಿ ಹುಡುಕುತ್ತಿದ್ದರು. ಅವರನ್ನು ವಾದದಲ್ಲಿ ಗೆಲ್ಲಬೇಕೆಂದು ಸೊಳ್ಳೆಮರಿ ತಿನ್ನುವ ಮೀನು ಬಿಡುವ ವಿಚಾರವನ್ನೆಲ್ಲ ಓದಿಟ್ಟುಕೊಂಡಿದ್ದೆ. ಆದರೆ ಜಗಲಿ ಹತ್ತುವ ಹೊತ್ತಿಗೆ ಅವರಿಗೇ ಚಳಿಜ್ವರ ಏರಿತು. ಅವ್ವ ಅವರನ್ನು ಮಲಗಿಸಿ, ಎರಡು ಕಂಬಳಿ ಹೊದಿಸಿ, ಮೆಣಸಿನ ಸಾರು ಕುಡಿಸಿದಳು. ಕಂಬಳಿಯೊಳಗಿಂದ ಹಲ್ಲು ಕಟಕಟಿಸುತ್ತ ಅವರು ತೀರ್ಪು ಕೊಟ್ಟರು: ಮೀನು ಬಿಟ್ಟರೂ ಬಿಡದಿದ್ದರೂ ಸರಿ, ಪ್ರತಿ ಸರದಿಗೆ ಮುಂಚೆ ಕೊಳ ಪೂರ್ತಿ ಖಾಲಿಯಾಗಬೇಕು, ತಳ ಒಂದು ದಿನ ಒಣಗಬೇಕು, ಆಮೇಲೆ ಹೊಸ ನೀರು. ನಡುಗುತ್ತಿರುವ ಮನುಷ್ಯನೊಂದಿಗೆ ಮಲೇರಿಯಾ ಕುರಿತು ವಾದ ಮಾಡುವುದು ಹೇಗೆ? ಒಪ್ಪಿದೆ. ಒಳಗೊಳಗೆ ಉರಿಯುತ್ತಿತ್ತು. ವಾರಕ್ಕೊಮ್ಮೆ ಬರಿದಾಗುವುದು ಕೊಳವೇ? ಅದು ಹಂಡೆ.

ಆಗ ಮಹಾಯುದ್ಧದ ಕಾಲ, ಸಿಮೆಂಟು ಸಿಗುತ್ತಿರಲಿಲ್ಲ. ಸುಣ್ಣಕ್ಕೆ ಬೆಲ್ಲದ ನೀರು ಕಲಸಿ ಅರೆದ ಗಾರೆಯಲ್ಲೇ ಕಟ್ಟಿಸಿದೆ. ನೀರಿಗಿಂತ ಮೊದಲು ಇರುವೆ ಬಂದವು. ಆಮೇಲೆ ನೀರೂ ಬಂತು. ಕೊಳ ತುಂಬಿದ ಸಂಜೆ ಅವ್ವ ಬೀಗ ತೆಗೆದಳು. ನಾನು ಹಲಗೆಯಿಂದ ಹಾರಿ, ಮುಳುಗಿ, ಎದ್ದು, ಅಂಗಾತ ತೇಲಿ ತೋರಿಸಿದೆ. ಜಯಮ್ಮ ಏಣಿಯ ಎರಡು ಮೆಟ್ಟಿಲು ಇಳಿದಳು. ಕಾಲಿನಿಂದ ಕೆಳಗೆ ಹುಡುಕಿದಳು. ಹತ್ತಿಬಿಟ್ಟಳು.

"ನೋಡು, ಏನೂ ಆಗೋದಿಲ್ಲ," ಎಂದೆ ತೇಲುತ್ತ.

"ನಿಮ್ಮಪ್ಪಯ್ಯಂಗೆ ಏನೂ ಆಗಕಿಲ್ಲ ಮಗ," ಎಂದಳು ಅವಳು, ದಡದಲ್ಲಿದ್ದ ಚಿಕ್ಕತಾಯಿಗೆ. "ನಂಗೆ ಕಾಲಡೀಲಿ ನೆಲ ಇಲ್ಲ."

ಆಗ ನನ್ನ ಸೊಗಸಾದ ನಕ್ಷೆ ನನಗೆ ಕಂಡಿತು. ಈಜು ಬರುವವರು ಮಾತ್ರ ಇಳಿಯಬಹುದಾದ ಕೊಳವನ್ನು ಈಜು ಕಲಿಯಲೆಂದು ಕಟ್ಟಿಸಿದ್ದೆ. ವಾರಗಳು ಕಳೆದವು. ಪ್ರತಿ ಸಂಜೆ ಎರಡು ಮೆಟ್ಟಿಲು, ಮತ್ತೆ ಮೇಲೆ. ಅವಳು ಏರಿಗೆ ಓಡುವುದು ನಿಂತಿರಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಂತೆ ಬರೆಯಬಲ್ಲೆ. ಆದರೆ ನಾನು ಅಲ್ಲಿರಲಿಲ್ಲ. ಸ್ಕೂಲಿನಲ್ಲಿ ಹುಡುಗರಿಗೆ ಸಂಧಿ ಬಿಡಿಸುತ್ತಿದ್ದೆ. ಕೊಳ ಬರಿದಾಗಿ ತಳ ಒಣಗಿ, ನಮ್ಮ ಸರದಿಯ ಬೆಳಗ್ಗೆ. ಜಯಮ್ಮ ತೆಂಗಿನ ನಾರು ಹಿಡಿದು ತಳದ ಪಾಚಿ ಉಜ್ಜಲು ಇಳಿದಿದ್ದಳು. ಬರಿದಾದ ಕೊಳಕ್ಕೆ ಇಳಿಯುವುದಕ್ಕೇನು ಹೆದರಿಕೆ? ಅವ್ವ ದಡದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸರದಿಯಂತೆ ನಾಲೆಯ ನೀರು ಬಿಡುವ ನೀರುಗಂಟಿ ಹೇಳಿದ್ದಕ್ಕಿಂತ ಬೇಗ ತೂಬು ತೆಗೆದ. ಮೂಲೆಯ ಕಂಡಿಯಿಂದ ನೀರು ಸಣ್ಣಗೆ ಬೀಳತೊಡಗಿತು.

"ನೀರ್ ಬುಟ್ರು ಕಣಮ್ಮಿ, ಮ್ಯಾಕೆ ಅತ್ಕಂಡ್ ಬಾ," ಎಂದಳಂತೆ ಅವ್ವ.

"ಬರ್ಲಿ ಬುಡಿ ಅತ್ತೆ."

ಜಯಮ್ಮ ಅಲ್ಲೇ ಕೂತಳಂತೆ. ಕೂರು ಎಂದವಳು ತಾನೇ ಎಂದು ಅವ್ವ ಹೇಳುತ್ತಾಳೆ. ಯಾರೂ ಅನ್ನಲಿಲ್ಲ, ಉಜ್ಜಿ ಉಜ್ಜಿ ದಣಿವಾಗಿತ್ತು ಅಷ್ಟೆ, ಎನ್ನುತ್ತಾಳೆ ಜಯಮ್ಮ. ನೀರು ಪಾದ ಮುಟ್ಟಿತು, ಮಂಡಿಗೆ ಬಂತು. ಅವಳು ಎದ್ದು ನಿಂತಳು. ಸೊಂಟಕ್ಕೆ ಬಂತು. ಅವ್ವ ಅವರೆಕಾಯಿ ಬದಿಗಿಟ್ಟು ಬಾವಿಯ ಹಗ್ಗ ತಂದು, ಒಂದು ತುದಿ ಸೊಸೆಗೆ ಎಸೆದು, ಇನ್ನೊಂದನ್ನು ತನ್ನ ಕೈಗೆ ಸುತ್ತಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನೀರು ಎದೆಗೆ ಬಂದು, ಹೆಗಲಿಗೆ ಬಂದು, ಒಂದು ಗಳಿಗೆಯಲ್ಲಿ ಮೆಲ್ಲಗೆ ಅವಳ ಕಾಲನ್ನು ನೆಲದಿಂದ ಎತ್ತಿತು. ಅವಳು ಏಣಿ ಹಿಡಿದು ತೇಲಿದಳು.

ಸಂಜೆ ನಾನು ಬಂದಾಗ ಕೂದಲು ಒಣಗಿಸುತ್ತ ಚಿಕ್ಕತಾಯಿಗೆ ಹೇಳುತ್ತಿದ್ದಳು, "ನಾನೆಲ್ಲಿ ನೀರಿಗಿಳ್ದೆ ಮಗ? ನೀರೇ ನನ್ ತಾವ್ಕೆ ಬಂತು."

ಆಮೇಲೆ ಪ್ರತಿ ಸರದಿಯ ದಿನವೂ ಹೀಗೆಯೇ. ಬರಿದಾದ ಕೊಳದಲ್ಲಿ ಜಯಮ್ಮ ಕಾಯುತ್ತಾಳೆ, ನೀರು ಬರುತ್ತದೆ, ಅವ್ವ ಹಗ್ಗ ಹಿಡಿಯುತ್ತಾಳೆ. ನನ್ನ ಕೊಳದ ತಪ್ಪನ್ನು ತಿದ್ದಿದ್ದು ನಾನು ಹಲ್ಲು ಕಚ್ಚಿ ಒಪ್ಪಿಕೊಂಡ ಷರತ್ತು. ಇನ್ಸ್‌ಪೆಕ್ಟರಿಗೆ ಇದನ್ನು ತಿಳಿಸಿದಾಗ ಅವರು, "ಸೊಳ್ಳೆಮರಿ ಇಲ್ಲವಷ್ಟೆ?" ಎಂದು ಸೌಟು ಅದ್ದಿದರು. ಹೀಗೆ ಕಲಿತ ಜಯಮ್ಮ ಈಜುವ ರೀತಿ ಯಾವ ಪತ್ರಿಕೆಯ ಚಿತ್ರದಲ್ಲೂ ಇಲ್ಲ: ತಲೆಯ ಮೇಲೆ ತುಂಬಿದ ಕೊಡ ಹೊತ್ತವಳಂತೆ ಕುತ್ತಿಗೆ ನೆಟ್ಟಗೆ, ಒಂದು ಹನಿಯೂ ಚೆಲ್ಲಬಾರದೆಂಬಂತೆ. ನಾನು ತಿದ್ದಲು ಹೋಗಿ ಬೈಸಿಕೊಂಡೆ.

ಯುದ್ಧ ಮುಗಿದ ಮೇಲಿನ ಒಂದು ಬೇಸಗೆ ಬೆಳಗ್ಗೆ ಚಿಕ್ಕತಾಯಿ ನನ್ನ ಬಳಿ ಬಂದಳು. ತಾಯಿಯ ಜೊತೆ ಈಜು ಕಲಿತಿದ್ದ ಅವಳಿಗೆ ಕೊಳ ಸಾಲದಾಗಿತ್ತು. ಓರಗೆಯ ಮಕ್ಕಳೆಲ್ಲ ನಾಲೆಗೆ ಬೀಳುತ್ತಿದ್ದರು.

"ಅಪ್ಪಯ್ಯ, ನಾಲೆಗೆ ಓಗ್ಲಾ ಅಂತ ನಮ್ಮವ್ವನ್ನ ಕೇಳು."

ನಾನು ಕಚೇರಿಗಳಲ್ಲಿ ಪಳಗಿದವನು. ಓವರ್ಸಿಯರರ ಮುಂದೆ ಕೆಲಸಕ್ಕೆ ಬಾರದ ವಾದವನ್ನೆಲ್ಲ ಮತ್ತೆ ಜೋಡಿಸಿಕೊಂಡು ಅಡುಗೆಮನೆಗೆ ಹೋದೆ. ಜಯಮ್ಮ ನನ್ನನ್ನು ಅರ್ಧಕ್ಕೇ ಬಿಟ್ಟು ಮಗಳನ್ನು ಕೇಳಿದಳು.

"ಯಾವ್ ತಾವ ಇಳೀತೀಯ?"

"ತೂಬಿನ ತಾವ."

"ಅಲ್ಲಿ ಸೆಳವದೆ. ಬ್ಯಾಡ. ಈಚೆ ಮೆಟ್ಲು ತಾವ."

ಒಲೆಯ ಮೇಲೆ ಸಾರಿತ್ತು. ಅವಳು ಕೆಂಡ ಹಿಂದಕ್ಕೆಳೆದು, ಸಾರು ಇಳಿಸಿಟ್ಟು, ಮುಚ್ಚಳ ಮುಚ್ಚಿ, ಸೆರಗು ಬಿಗಿದು ಹೊರಟಳು. ಓಡಲಿಲ್ಲ. ಏರಿಯ ಮೇಲೆ ಯಾರು ಯಾರು ಇದ್ದಾರೆಂದು ನೋಡಲೂ ಇಲ್ಲ. ಮೆಟ್ಟಿಲಿಳಿದು ನೀರಿನೊಳಗೆ ನಡೆದು, ಮಗು ಕಾಲು ತಪ್ಪಿದರೆ ನೀರು ಅದನ್ನು ಯಾವ ಕಡೆಗೆ ಒಯ್ಯುವುದೋ ಆ ಕಡೆ, ಎದೆಮಟ್ಟ ನೀರಿನಲ್ಲಿ ನಿಂತು ತಿರುಗಿದಳು.

"ಇಳಿ ಮಗ," ಎಂದಳು.

ನಾನು ಮಗಳ ಲಂಗ ಹಿಡಿದುಕೊಂಡು ದಡದಲ್ಲಿ ನಿಂತಿದ್ದೆ. ಅಪ್ಪಣೆ ಕೊಡುವವರನ್ನು ಜಗಲಿಯ ಮೇಲೆ ಕಂಡಿದ್ದೆ, ಮೇಜಿನ ಹಿಂದೆ ಕಂಡಿದ್ದೆ, ಕಂಬಳಿಯೊಳಗೂ ಕಂಡಿದ್ದೆ. ಹರಿಯುವ ನೀರಿನಲ್ಲಿ ತಾವೇ ಮೊದಲು ಹೋಗಿ ನಿಂತು ಅಪ್ಪಣೆ ಕೊಟ್ಟವರನ್ನು ಕಂಡದ್ದು ಆವತ್ತೇ.