ತೊಟ್ಟಿಲ ಹಗ್ಗ ಎಳೆಯುವ ಕೈ

ಮೊಟ್ಟೆಗೆ ಕಾವು ಕೊಡುವ ನಮ್ಮ ಪೆಟ್ಟಿಗೆಯಲ್ಲಿ ಶಾಖ ನೋಡಿಕೊಳ್ಳುವ ಚಿಪ್ ಆಗಾಗ ಮಂಕಾಗಿ ನಿಂತುಬಿಡುತ್ತಿತ್ತು. ಹಾಗೆ ಒಂದು ಸಲದ ಮೊಟ್ಟೆಯೆಲ್ಲ ಬೆಂದುಹೋಗಿತ್ತು. ಈಗ ಒಳಗಿದ್ದದ್ದು ನಮ್ಮೂರು ಹೆಮ್ಮಿಗೆಯ ಹೆಂಗಸರು ನನ್ನನ್ನು ನಂಬಿ ಕೊಟ್ಟ ನಾಟಿ ಮೊಟ್ಟೆ. ಇವೂ ಬೆಂದರೆ ಬೀದಿ ನಲ್ಲಿಗೆ ಹೋಗಲು ನನಗೆ ಮುಖವಿರುತ್ತಿರಲಿಲ್ಲ.

ನಂಜನಗೂಡಿನಿಂದ ಬಂದ ರಿಪೇರಿ ಹುಡುಗ ಪಕ್ಕದಲ್ಲಿ ಪುಟ್ಟ ಬೋರ್ಡು ಕಟ್ಟಿದ. "ಇದು ಕಾವಲು ನಾಯಿ ಕಣಕ್ಕ. ಚಿಪ್ ಎರಡೆರಡು ಸೆಕೆಂಡಿಗೆ ಇದನ್ನ ತಟ್ತಿರಬೇಕು. ತಟ್ಟದೇ ಇದ್ರೆ ಇದೇ ರೀಸೆಟ್ ಮಾಡಿ ಎಬ್ಬಿಸ್ತದೆ."

ಅವನ ಕಾಫಿ ಮುಗಿಯುವಷ್ಟರಲ್ಲಿ ಶಾಖ ಮತ್ತೆ ಏರಿತು. ಮುಚ್ಚಳ ತೆಗೆದೆ. ಚಿಪ್ ತಟ್ಟಿದಾಗಲೆಲ್ಲ ಹೊತ್ತುವ ಬೋರ್ಡಿನ ದೀಪ ಮಾತ್ರ ಮಿನುಗುತ್ತಲೇ ಇತ್ತು.

"ತಟ್ತಾನೇ ಅದೆ! ಎಚ್ಚರ ಇದ್ರೆ ತಾನೇ ತಟ್ಟೋದು?" ಅಂದ ಹುಡುಗ.

"ಯಾರಪ್ಪ ಅಂಗಂದೋರು? ನಾನು ನಿದ್ದೇಲೂ ತೊಟ್ಟಿಲ ಹಗ್ಗ ಎಳೀತೀನಿ. ಮಗು ಅತ್ರೂ ತಿಳಿಯಲ್ಲ, ಕೈ ಆಡ್ತಾನೇ ಇರ್ತದೆ. ನಿಂಗಿನ್ನೂ ಮದ್ವೆ ಆಗಿಲ್ಲ ಅಲ್ವಾ?"

ಅವನು ಲೋಟ ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದ. ಚಿಪ್ ಮಂಕಾದರೂ ತಟ್ಟುವ ಕೆಲಸ ತನ್ನ ಪಾಡಿಗೆ ನಡೆಯುತ್ತಿತ್ತಂತೆ. ಶಾಖ ನೋಡಿದ ಮೇಲೆಯೇ ತಟ್ಟುವಂತೆ ಬದಲಿಸಿದ.

ಮರಿಗಳು ಬಂದವು. ನಾನಾಡಿದ ತೊಟ್ಟಿಲ ಮಾತು ನನ್ನ ಗಂಡನಿಗೂ ಮುಟ್ಟಿದ್ದೇ ತಪ್ಪಾಯಿತು. ಈಗ ನಾನು ಹಗ್ಗ ಎಳೆಯುತ್ತಿದ್ದರೂ "ಎಚ್ಚರ ಇದೀಯಾ?" ಅಂತ ಕೇಳಿ ಎಬ್ಬಿಸುತ್ತಾನೆ. ಹಗ್ಗ ಮಾತ್ರ ತಾನು ಹಿಡಿಯುವುದಿಲ್ಲ.